ಗೇಮಿಂಗ್ ಕಂಪ್ಯೂಟರಿಗೆ ಅವ್ವನ ಸೀರೆ

“ಇದರಾಗ ಯಾವ ನೀರು ಹಾಕ್ತೀರಿ, ಬೋರಿಂದೋ ಫಿಲ್ಟರಿಂದೋ?” ಕಲಬುರಗಿಯ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಅವ್ವ ಕೇಳಿದಳು. ನನ್ನ ಮಗಳು ತನ್ನ ಗೇಮಿಂಗ್ ಕಂಪ್ಯೂಟರಿಗೆ ನೀರಿನಿಂದ ತಣ್ಣಗಾಗುವ ದುಬಾರಿ ಕೂಲರ್ ಆರಿಸಿದ್ದಳು. ಕೊಡಿಸುವವಳು ಅವ್ವ, ಹಾಗಾಗಿ ತೀರ್ಪೂ ಅವಳದೇ.

“ಕಂಪನಿಯವರೇ ತುಂಬಿ ಸೀಲ್ ಮಾಡ್ಯಾರ್ರಿ ಅಮ್ಮಾ,” ಎಂದರು ಅಂಗಡಿಯ ರಫೀಕ್‌ಭಾಯಿ.

“ನಮ್ಮ ಶಹಾಬಾದದಾಗ ನೀರು ಹೊಕ್ಕ ಮಷಿನ್ ಎಲ್ಲಾ ಸುಣ್ಣಗಟ್ಟಿ ಸತ್ತಾವ. ಬ್ಯಾಡ.”

ಅವರು ಬರೀ ಫ್ಯಾನುಗಳಿರುವ ಗಾಜಿನ ಕ್ಯಾಬಿನೆಟ್ ತೋರಿಸಿದರು. ನಮ್ಮೂರ ಗಾಳಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪುಡಿ ಇರುವುದರಿಂದ ಅದೂ ತಿರಸ್ಕೃತವಾಯಿತು. ಪಂಚಭೂತಗಳಲ್ಲಿ ಎರಡು ಹೀಗೆ ಕೈತಪ್ಪಿದ ಮೇಲೆ ಮಗಳ ಕಣ್ಣು ತುಂಬಿದವು. ಅವ್ವ ಕರಗಿದಳು.

“ಅಳಬ್ಯಾಡ ನಮ್ಮವ್ವ. ಭಾಯಿ, ಗಾಳೀದೇ ಕೊಡ್ರಿ. ಸೋಸೋದು ನಾ ನೋಡ್ಕೋತೀನಿ.”

ಈಗ ಆ ಕ್ಯಾಬಿನೆಟ್ ಅವ್ವನ ಹಳೆಯ ತೆಳು ಸೀರೆಯ ತುಂಡು ಹೊದ್ದು ಕೂತಿದೆ. ಅದರೊಳಗೆ ಬಣ್ಣದ ದೀಪಗಳು ಬೆಳಗುವುದನ್ನೂ ಎದುರಿಗೆ ಮಗಳು ಅಲುಗಾಡದೆ ಕೂತಿರುವುದನ್ನೂ ಕಂಡು, ಮೊನ್ನೆ ಸಿಲಿಂಡರ್ ತಂದವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದ. ಆಕೆ ಅಷ್ಟೇ ಭಕ್ತಿಯಿಂದ ಪರದೆಯ ಮೇಲೆ ಸಿಕ್ಕಸಿಕ್ಕವರಿಗೆಲ್ಲ ಗುಂಡಿಕ್ಕುತ್ತಿದ್ದಳು. ನಾನು ಅವನನ್ನು ತಿದ್ದಲು ಹೋಗಲಿಲ್ಲ.