ಮಗ್ಗುಲಕ್ಕ ಮತ್ತು ಎಬ್ಬಿಸದ ಒಂದು ಮಧ್ಯಾಹ್ನ

ಬೆಳಿಗ್ಗೆ ಆರಕ್ಕೆ ಇನ್ನೂ ಐದು ನಿಮಿಷ. ಗಂಡಸರ ವಾರ್ಡಿನ ಕಿಟಕಿಯಾಚೆ ಬೆಳಕು ಬರೋಣವೋ ಬೇಡವೋ ಎಂದು ಮೀನಮೇಷ ಎಣಿಸುತ್ತಿದೆ. ಒಳಗೆ ಮಾತ್ರ ಅಕ್ಕನ ಎಂಟ್ರಿ ಆಗಿಹೋಗಿದೆ. ಹಿನ್ನೆಲೆ ಸಂಗೀತಕ್ಕೆ ರಬ್ಬರ್ ಚಪ್ಪಲಿಯ ಪಟಪಟ. ಸ್ಲೋ ಮೋಷನ್ನಿಗೆ ಪುರುಸೊತ್ತಿಲ್ಲ. ಒಂಬತ್ತನೇ ಮಂಚದ ಲಾರಿ ಡ್ರೈವರ್ ಕಣ್ಣು ಮುಚ್ಚಿಕೊಂಡು ನಿದ್ದೆಯ ನಟನೆ ಮಾಡುತ್ತಾನೆ.

"ಏಳಪ್ಪಾ ಹೀರೋ, ಗಾಡಿ ತಿರುಗಿಸೋ ಟೈಮು."

"ಹುಷಾರಕ್ಕ, ಹಿಂದೆ ಗೋಡೆ ಇದೆ. ಹಾರನ್ ಹೊಡೆದು ರಿವರ್ಸ್ ತಗೋ."

ಅಪಘಾತವಾದ ಮೇಲೆ ಅವನಿಗೆ ಸೊಂಟದ ಕೆಳಗೆ ಮುಟ್ಟಿದ್ದು ತಿಳಿಯುವುದಿಲ್ಲ. ಮೈ ಎಲ್ಲಿ ಒತ್ತುತ್ತಿದೆ ಎಂಬುದು ಅವನಿಗೆ ಗೊತ್ತಾಗದ ಕಾರಣ ಅಕ್ಕನಿಗೆ ಗೊತ್ತಾಗಬೇಕು. ಅವರು ಅವನನ್ನು ಎಳೆಯುವುದಿಲ್ಲ. ಎಳೆದರೆ ಚರ್ಮ ತರಚುತ್ತದೆ. ಅಡಿಯ ಬಟ್ಟೆ ಹಿಡಿದು, ಎದುರಿಗೆ ನರ್ಸನ್ನು ನಿಲ್ಲಿಸಿಕೊಂಡು, ಎತ್ತಿ ಮಗ್ಗುಲಾಗಿಸುತ್ತಾರೆ. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಬೆನ್ನಿನ ತುದಿಯಲ್ಲಿ ಕೆಂಪು ಕಂಡರೆ ಬೆರಳಿಂದ ಒತ್ತಿ ಬಿಡುತ್ತಾರೆ. ಬೆಳ್ಳಗಾಗಿ ಮತ್ತೆ ಕೆಂಪೇರಿದರೆ ಬಚಾವು. ಒತ್ತಿದರೂ ಕೆಂಪು ಕದಲದಿದ್ದರೆ ಒಳಗೆ ಹುಣ್ಣಿಗೆ ಮುಹೂರ್ತ ಆಗಿದೆ ಎಂದರ್ಥ. ಇವತ್ತು ಬೆಳ್ಳಗಾಗುತ್ತದೆ. ಅಕ್ಕ ಮುಂದಿನ ಮಂಚಕ್ಕೆ ಹೋಗುತ್ತಾರೆ.

ಆಸ್ಪತ್ರೆಯಲ್ಲಿ ಎಲ್ಲರೂ ಇವರನ್ನು ಮಗ್ಗುಲಕ್ಕ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ; ಆ ಹೆಸರಲ್ಲಿ ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ವಯಸ್ಸು ಐವತ್ನಾಲ್ಕು, ವಾರ್ಡಿನ ಆಯಾ ಆಗಿ ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಇದೇ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಹಾಗಾಗಿ ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೂ ಹಳೇ ವೈರಿ ಎದುರಾದಂತೆ ಮುಖ ಗಂಟಿಕ್ಕುತ್ತಾರೆ. ಅಲುಗಾಡದೆ ಮಲಗಿದವನ ಮೈಗೆ ಆ ಸುಕ್ಕು ಹಗ್ಗದಂತೆ ಒತ್ತುತ್ತದೆ.

ವಾರ್ಡಿನಲ್ಲಿ ಹದಿನೆಂಟು ಮಂಚ. ತಾವಾಗಿ ಹೊರಳಲಾರದವರು ಏಳು ಮಂದಿ. ಆರು, ಎಂಟು, ಹತ್ತು, ಹನ್ನೆರಡು ಗಂಟೆಗೆ ಒಂದೊಂದು ಸುತ್ತು. ಎರಡಕ್ಕೆ ಬದಲಿ ಆಯಾ ಬರುವಷ್ಟರಲ್ಲಿ ಇಪ್ಪತ್ತೆಂಟು ಸಲ ಯಾರನ್ನೋ ಎತ್ತಿ ತಿರುಗಿಸಿರುತ್ತಾರೆ. ಒದ್ದೆ ಬಟ್ಟೆ ಬದಲಿಸಿದ್ದು, ಮೈ ಒರೆಸಿದ್ದು ಬೇರೆ. ಎತ್ತಿ ಎತ್ತಿ ಅವರದೇ ಎಡಭುಜ ಕೈಕೊಟ್ಟಿದೆ, ಒಂದೇ ಮಗ್ಗುಲಲ್ಲಿ ಮಲಗಬೇಕು. "ಊರಿನವರನ್ನೆಲ್ಲ ಹೊರಳಿಸ್ತಾಳೆ, ಮನೆಗೆ ಬಂದು ತಾನು ಕೊರಡಿನ ಥರ ಬಿದ್ದಿರ್ತಾಳೆ" ಎಂದು ಮಗಳು ರೇಗಿಸುತ್ತಾಳೆ.

ಹುಣ್ಣಿಗೆ ಕೀವು ತುಂಬುವ ಕ್ರಿಮಿ ಎಲ್ಲಿಂದ ಬರುತ್ತದೆ ಎಂದು ರೋಗಿಗಳ ಮನೆಯವರು ಕೇಳುತ್ತಿರುತ್ತಾರೆ. ಆಸ್ಪತ್ರೆಯ ಗಲೀಜನ್ನು ಬೈಯುವುದು ಎಲ್ಲರಿಗೂ ಸುಲಭ. ಎಷ್ಟೋ ಸಲ ಈ ವಿಲನ್ ಹೊರಗಿನವನೇ ಅಲ್ಲ. ನಿಮ್ಮ ಮೈ, ನನ್ನ ಮೈ, ಡಾಕ್ಟರ ಮೈ ಮೇಲೂ ಆತ ಬಾಯಿ ಮುಚ್ಚಿಕೊಂಡು ಸಂಸಾರ ಮಾಡಿಕೊಂಡಿರುತ್ತಾನೆ. ಚರ್ಮ ಬಿರಿದರೆ ಮಾತ್ರ ಒಳನುಗ್ಗಿ ಅಸಲಿ ಬಣ್ಣ ತೋರಿಸುತ್ತಾನೆ. ಇದನ್ನು ಅಕ್ಕ ಇನ್ನೂ ಚಿಕ್ಕದಾಗಿ ಹೇಳುತ್ತಾರೆ: "ಅವನ್ನ ಬೈದು ಏನು ಮಾಡೋದು? ಬಾಗಿಲು ತೆಗೆದಿದ್ದು ಯಾರು ಅಂತ ಕೇಳಬೇಕು."

ನಾಲ್ಕು ವರ್ಷದ ಹಿಂದೆ ಒಂದು ಸಲ ಆ ಬಾಗಿಲನ್ನು ತಾನೇ ತೆಗೆದಿದ್ದೆ ಎನ್ನುತ್ತಾರೆ.

ಈ ವಾರ್ಡಿನ ಮಂಚಗಳ ಕಾಲದೆಸೆಯಲ್ಲಿ ಒಂದೊಂದು ರಟ್ಟಿನ ಗಡಿಯಾರ ತೂಗುತ್ತದೆ. ರೋಗಿಯನ್ನು ತಿರುಗಿಸಿದ ಮೇಲೆ, ಮುಂದೆ ಯಾವಾಗ ತಿರುಗಿಸಬೇಕೋ ಆ ಗಂಟೆಗೆ ಮುಳ್ಳು ಇಡಬೇಕು. ಬದಲಿ ಆಯಾ ಬಂದ ಕೂಡಲೇ ಮುಳ್ಳು ಹಿಂದೆ ಬಿದ್ದ ಮಂಚಕ್ಕೆ ಮೊದಲು ಓಡಬೇಕು. ಇಷ್ಟೇ ಕಾನೂನು.

ಸೊಂಟದ ಮೂಳೆ ಮುರಿದುಕೊಂಡು ಬಂದ ಅರವತ್ತೊಂದರ ದರ್ಜಿಯೊಬ್ಬರು ಹದಿನಾಲ್ಕನೇ ಮಂಚದಲ್ಲಿದ್ದರು. ಸಕ್ಕರೆ ಕಾಯಿಲೆ, ಕಡ್ಡಿಯಂಥ ಮೈ. ನೋವಿಗೆ ಮೂರು ದಿನ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಅವತ್ತು ಹತ್ತು ಗಂಟೆಗೆ ಬಲಮಗ್ಗುಲಿಗೆ ಹಾಕಿದ ಮೇಲೆ ಜೊಂಪು ಹತ್ತಿತು. ಹನ್ನೆರಡಕ್ಕೆ ಅಕ್ಕ ಹೋದಾಗ ಗೊರಕೆ. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ತುಟಿಗೆ ಬೆರಳಿಟ್ಟು, ಎಬ್ಬಿಸಬೇಡ ಎಂದು ಕೈಸನ್ನೆ ಮಾಡಿದರು. ಅಕ್ಕನಿಗೂ ಮನಸ್ಸು ಬರಲಿಲ್ಲ. ಅರ್ಧ ಗಂಟೆ ಬಿಟ್ಟು ಬರೋಣವೆಂದು ಮುಂದೆ ನಡೆದರು. ಮನಸ್ಸು ಅರ್ಧ ಗಂಟೆ ಎನ್ನುತ್ತಿದ್ದರೆ, ವರ್ಷಗಳ ಅಭ್ಯಾಸದ ಕೈ ಮುಳ್ಳನ್ನು ಎರಡಕ್ಕೆ ಇಟ್ಟುಬಿಟ್ಟಿತ್ತು.

ಅಷ್ಟರಲ್ಲಿ ಬೇರೊಬ್ಬರನ್ನು ಎಕ್ಸ್‌ರೇಗೆ ಕರೆದೊಯ್ಯಲು ಕರೆ ಬಂತು. ಅಲ್ಲಿ ಸಾಲು ಹನುಮಂತನ ಬಾಲ. ವಾಪಸ್ ಬರುವಾಗ ಎರಡಾಗಿತ್ತು. ದರ್ಜಿಯ ನೆನಪು ಮನೆಗೆ ಹೋಗಿ ಕೈಕಾಲು ತೊಳೆಯುವಾಗ ಬಂತು. ಬದಲಿ ಆಯಾಳ ಕಣ್ಣಿಗೆ ಹದಿನಾಲ್ಕನೇ ಮಂಚದ ಮುಳ್ಳು ಸರಿಯಾಗೇ ಕಂಡಿತ್ತು. ಆಕೆ ಒಂದನೇ ಮಂಚದಿಂದ ಶುರುಮಾಡಿ ಅಲ್ಲಿಗೆ ಮುಟ್ಟುವಾಗ ಮೂರು. ಹತ್ತರಿಂದ ಮೂರು, ಐದು ತಾಸು, ಒಂದೇ ಮಗ್ಗುಲು. ಮರುದಿನ ಬೆಳಿಗ್ಗೆ ಅಕ್ಕ ಒತ್ತಿ ನೋಡಿದರೆ ಬಲಸೊಂಟದ ಕೆಂಪು ಕದಲಲಿಲ್ಲ. ವಾರದಲ್ಲಿ ಚರ್ಮ ಬಿರಿಯಿತು, ಜ್ವರ ಏರಿತು, ಸೋಂಕು ರಕ್ತಕ್ಕಿಳಿಯಿತು. ಇಪ್ಪತ್ತಾರನೇ ದಿನ ದರ್ಜಿ ತೀರಿಕೊಂಡರು.

ಅಕ್ಕ ಹೆಡ್ ನರ್ಸ್ ಹತ್ತಿರ ಹೇಳಿಕೊಂಡಿದ್ದರು. ವಯಸ್ಸು, ಸಕ್ಕರೆ, ಮೂಳೆ, ಕಾರಣ ನೂರಿವೆ, ಒಂದನ್ನೇ ಹಿಡಿದು ಕೊರಗಬೇಡ ಎಂದು ಅವರು ಸಮಾಧಾನ ಮಾಡಿದರು. "ನೂರಿರಬಹುದು. ಅದರಲ್ಲಿ ಒಂದು ನಂದು" ಎನ್ನುತ್ತಾರೆ ಅಕ್ಕ.

ದರ್ಜಿಯ ಹೆಂಡತಿಗೆ ಇದು ಗೊತ್ತಿರಲಿಲ್ಲ. ಬಿಪಿ ಮಾತ್ರೆಗೆಂದು ತಿಂಗಳಿಗೊಮ್ಮೆ ಬರುವಾಗಲೆಲ್ಲ ಅವರು ಮೆಟ್ಟಿಲು ಹತ್ತಿ ವಾರ್ಡಿಗೆ ಬಂದು ಅಕ್ಕನ ಕೈ ಹಿಡಿದುಕೊಳ್ಳುತ್ತಿದ್ದರು. ನಮ್ಮ ಯಜಮಾನರನ್ನು ಕೂಸಿನ ಹಾಗೆ ನೋಡಿಕೊಂಡೆ ತಂಗಿ, ಎನ್ನುತ್ತಿದ್ದರು. ಅಕ್ಕ ಆ ದಿನಗಳಲ್ಲಿ ಬಟ್ಟೆ ಕೋಣೆಯಲ್ಲಿ ಅವಿತುಕೊಳ್ಳಲು ಶುರುಮಾಡಿದರು. ಹೇಳದಿದ್ದರೆ ಸುಳ್ಳು ಹೊಗಳಿಕೆಯ ಭಾರ. ಹೇಳಿದರೆ ಆ ಕೈಸನ್ನೆ ಆಕೆಗೂ ನೆನಪಾಗುತ್ತದೆ. ನಾಲ್ಕು ವರ್ಷ ಅಕ್ಕ ಈ ಎರಡರ ನಡುವೆ ಸಿಕ್ಕಿಕೊಂಡಿದ್ದರು.

ಹೋದ ತಿಂಗಳು ಆಕೆ ಒಂದು ಗಂಟು ಹೊತ್ತು ತಂದರು. ಗಂಡನ ಹೊಲಿಗೆ ಮಿಷನ್ನಿನಲ್ಲಿ ತಾವೇ ಹೊಲಿದ ಆರು ಹಾಸುಬಟ್ಟೆ. ನಡುವೆ ಒಂದೂ ಜೋಡಣೆಯಿಲ್ಲ, ಯಾರ ಮೈಗೂ ಒತ್ತಬಾರದೆಂದು ಅಂಚಿನಲ್ಲಷ್ಟೇ ಹೊಲಿಗೆ. ಅದನ್ನು ಇಸಿದುಕೊಳ್ಳಲು ಅಕ್ಕನ ಕೈ ಏಳಲಿಲ್ಲ. ಆಕೆಯನ್ನು ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದರು. ಸನ್ನೆಯ ಮಾತೊಂದನ್ನು ಮಾತ್ರ ಎತ್ತಲಿಲ್ಲ.

ಆಕೆ ಬೈಯಲಿಲ್ಲ, ಅಳಲಿಲ್ಲ. "ಎಬ್ಬಿಸಬೇಡ ಅಂದಿದ್ದು ನಾನಲ್ವಾ?" ಎಂದರು. ಗಂಟನ್ನು ಬೆಂಚಿನ ಮೇಲೇ ಬಿಟ್ಟು ಆಕೆ ಮೆಟ್ಟಿಲಿಳಿದರು.

ಈ ತಿಂಗಳು ಅವರ ಮಾತ್ರೆ ಒಯ್ಯಲು ಪಕ್ಕದ ಮನೆಯಾಕೆ ಬಂದಿದ್ದರು. ಅಕ್ಕ ಎರಡು ಸಲ ಕೆಳಗಿಳಿದು ಮಾತ್ರೆಯ ಸಾಲಿನಲ್ಲಿ ಆಕೆಯನ್ನು ಹುಡುಕಿದ್ದಾರೆ. ಹೇಳಿದ್ದು ಸರಿಯೋ, ಸುಮ್ಮನಿರಬೇಕಿತ್ತೋ ಎಂದು ಈಗ ಅದೂ ಒಂದು ಕೊರಗು. ಪೇಪರಿನಲ್ಲಿ ನಿಮ್ಮ ಬಗ್ಗೆ ಏನು ಬರಬೇಕು ಎಂದು ನಾನು ಕೇಳಿದರೆ, ತಮ್ಮ ಬಗ್ಗೆ ಏನೂ ಬೇಡ ಎನ್ನುತ್ತಾರೆ. ಹತ್ತರ ಸುತ್ತಿಗೆ ಹೊತ್ತಾಗಿದೆ, ಭುಜ ನೀವಿಕೊಳ್ಳುತ್ತ ಎದ್ದು ನಿಲ್ಲುತ್ತಾರೆ.

"ಅವರು ಪೇಪರ್ ಓದ್ತಾರೆ, ಒಂದು ಮಾತು ಹಾಕಿ. ಗಂಡ ಮೂರು ದಿನ ನಿದ್ದೆ ಇಲ್ಲದೆ ಒದ್ದಾಡಿದ್ದನ್ನ ಕಂಡ ಹೆಂಡತಿ ಎಬ್ಬಿಸಬೇಡ ಅಂತಲೇ ಹೇಳೋದು. ಅದರಲ್ಲಿ ಅವರ ತಪ್ಪಿಲ್ಲ. ಎಬ್ಬಿಸೋದು ನನ್ನ ಕೆಲಸ ಆಗಿತ್ತು."