ಎಮ್ಮೆ ಮಲಗುವ ಹೊತ್ತು

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕರೆದೆ. ಹಂಡೆಯ ಒಲೆಗೆ ಎರಡು ತೆಂಗಿನ ಮಟ್ಟೆ ತುರುಕಿದೆ. ಅಕ್ಕಿರೊಟ್ಟಿ ತಟ್ಟಿದೆ, ಆರು. ಒಂದು ಹರಿಯಿತು, ಅದನ್ನು ನಾನೇ ತಿಂದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಅವರ ಎಲೆಅಡಿಕೆ ಚೀಲಕ್ಕೆ ಸುಣ್ಣದ ಡಬ್ಬಿ ಹಾಕಿದೆ. ಅವರ ತಂಗಿಗೆ ಕೊಡಲು ಒಂದು ಸೇರು ಹುರಿಹಿಟ್ಟು ಕಟ್ಟಿದೆ. ಅಂಗಳದಲ್ಲಿ ನಿಂತ ಗಾಡಿಯ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗವಿದೆ ಎಂದು ಗೇಣು ಹಾಕಿ ಅಳೆದೆ. ಇನ್ನೂ ಒಂದು ಕೆಲಸ ಮಾಡಿದೆ. ಅದು ಸ್ವಲ್ಪ ಕಳ್ಳ ಕೆಲಸ, ಆಮೇಲೆ ಹೇಳುತ್ತೇನೆ.

ಗೇಣು ಹಾಕುವುದು ನನಗೆ ಒಂದು ವರ್ಷದಿಂದ ಅಂಟಿದ ಚಾಳಿ. ಹೊಸದರಲ್ಲಿ ಎದುರುಮನೆಯ ಜಯಮ್ಮ ಇದನ್ನು ನೋಡಿ, "ಅದೇನಕ್ಕ, ದಿನಾ ಗಾಡಿ ಕಾಲು ಹಿಡ್ಕತೀರಿ? ಅರಕೆ ಏನಾರ ಹೊತ್ತಿದ್ದೀರಾ?" ಎಂದು ಕೇಳಿದ್ದಳು. ಅರಕೆಯಲ್ಲ, ಅಳತೆ ಎಂದೆ. ಅವಳಿಗೆ ಅದು ಇನ್ನೂ ವಿಚಿತ್ರವಾಗಿ ಕಂಡಿರಬೇಕು, ಮತ್ತೆ ಕೇಳಲಿಲ್ಲ.

ಈ ಕಾರು ನಮ್ಮದಾದದ್ದು ಶುಂಠಿ ನಮ್ಮ ಕೈಹಿಡಿದ ವರ್ಷ. ಕೊಡಗಿನ ಕಾಫಿ ತೋಟದವರೊಬ್ಬರು ಸಾಕಷ್ಟು ಓಡಿಸಿ ಬಿಟ್ಟದ್ದನ್ನು ಕೊಪ್ಪದ ಪರಿಚಯದವರ ಮೂಲಕ ನಮ್ಮ ಯಜಮಾನರು ತಂದರು. ಕಪ್ಪು ಬಣ್ಣ, ಬಾಡಿಗೆಗೆ ಕೊಡಬಹುದಾದಷ್ಟು ಅಗಲ, ತೊಗಲಿನ ಸೀಟು, ತಲೆಯ ಮೇಲೊಂದು ಕಿಟಕಿ. ಹೊಸದಾಗಿದ್ದಾಗ ಅದು ಅರಸರ ಗಾಡಿಯಂತೆ. ಈಗ ಅದಕ್ಕೂ ವಯಸ್ಸಾಗಿದೆ, ನಮಗೂ ಆಗಿದೆ, ಹೊಂದಿಕೊಂಡು ಹೋಗುತ್ತೇವೆ. ಎಲ್ಲಕ್ಕಿಂತ ದೊಡ್ಡ ಅಚ್ಚರಿ ಅದರ ಹೊಟ್ಟೆಯ ಕೆಳಗಿತ್ತು. ಬೇರೆ ಗಾಡಿಗಳಿಗೆ ಚಕ್ರದ ಹತ್ತಿರ ಕಬ್ಬಿಣದ ಸ್ಪ್ರಿಂಗು ಇರುತ್ತದಲ್ಲ, ಇದಕ್ಕೆ ಅದಿಲ್ಲ. ಚಕ್ರಕ್ಕೊಂದರಂತೆ ನಾಲ್ಕು ದಪ್ಪ ರಬ್ಬರಿನ ಬಲೂನುಗಳು, ಅವುಗಳಿಗೆ ಗಾಳಿ ತುಂಬಲು ಒಂದು ಪುಟ್ಟ ಪಂಪು. ಅಷ್ಟು ದೊಡ್ಡ ಗಾಡಿ ಕೂತಿರುವುದು ಬರೀ ಗಾಳಿಯ ಮೇಲೆ!

"ರೋಡಲ್ಲಿ ಓದಂಗೇ ಇಲ್ಲ ಕಣೆ, ಕೆರೇಲಿ ತೇಲ್ದಂಗದೆ," ಎಂದು ಇವರು ಮೊದಲ ಎರಡು ತಿಂಗಳು ಸಿಕ್ಕವರಿಗೆಲ್ಲ ಹೇಳಿದರು. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ನೆಲಕ್ಕೆ ಕುಸಿದು ಕೂತಿತ್ತು. ಚಕ್ರದಲ್ಲಿ ಗಾಳಿ ಇದೆ, ಗಾಡಿಯಲ್ಲಿ ಇಲ್ಲ. ಇವರು ಹಣೆ ಚಚ್ಚಿಕೊಂಡು, "ಗಾಡಿ ಸಸ್ಪೆನ್ಷನ್ ಓಯ್ತು ಕಣವ್ವ," ಎಂದು ತಾಯಿಗೆ ಹೇಳಿದರು.

ನಮ್ಮತ್ತೆ ದೊಡ್ಡತಾಯಮ್ಮನವರಿಗೆ ಆ ಶಬ್ದದ ಪರಿಚಯ ಚೆನ್ನಾಗಿಯೇ ಇತ್ತು. ನಮ್ಮ ನೆಂಟರಲ್ಲೊಬ್ಬರು ಸರ್ಕಾರಿ ಕೆಲಸದಲ್ಲಿದ್ದು ಆರು ತಿಂಗಳು ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿದ್ದರು. ಅತ್ತೆ ಗಾಬರಿಯಾಗಿ, "ಸಸ್ಪೆಂಡ್ ಮಾಡವ್ರಾ? ಪಾಪ, ಇದೇನ್ಲಾ ತಪ್ಪು ಮಾಡ್ತು?" ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಮನೇಲಿ ಕುಂತ್ರೂ ಅರ್ಧ ಸಂಬ್ಳ ಕೊಡ್ತಾರೆ ಬುಡು," ಎಂದು ಮಗನಿಗೆ ಧೈರ್ಯ ಹೇಳಿದರು.

ಇವರು ಕೀಲಿ ತಿರುಗಿಸಿ ಶುರು ಮಾಡಿದಾಗ ಕೆಳಗಿನಿಂದ ಗುರ್ರೆಂದು ಪಂಪಿನ ಸದ್ದು ಬಂತು. ಮೊದಲು ಗಾಡಿಯ ಹಿಂಭಾಗ ಮೆಲ್ಲಗೆ ಮೇಲೆದ್ದಿತು, ಆಮೇಲೆ ಮುಂಭಾಗ. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅತ್ತೆ ಕೈ ತಟ್ಟಿ ನಕ್ಕರು. "ಥೇಟು ಎಮ್ಮೆ ಕಣವ್ವ! ಎಮ್ಮೆನೂ ಇಂಗೇ ಅಲ್ವಾ ಏಳೋದು, ಮೊದ್ಲು ಇಂದ್ಗಡೆ, ಆಮೇಲೆ ಮುಂದ್ಗಡೆ." ನಿಜ. ದನ ಎಮ್ಮೆಗಳು ಹಿಂಗಾಲು ಊರಿ ಏಳುತ್ತವೆ. ಕುದುರೆ ಮುಂಗಾಲು ಊರಿ ಏಳುತ್ತದೆ. ದೇಶವಿದೇಶದ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಮಾಡಿದ ಏರ್ಪಾಟು ಕೊನೆಗೆ ಕೊಟ್ಟಿಗೆಯ ನಡವಳಿಕೆಗೆ ಬಂದು ನಿಂತಿತೆಂದು ನನಗೂ ಖುಷಿಯಾಯಿತು. ಅಂದಿನಿಂದ ಆ ಅರಸರ ಗಾಡಿಗೆ ನಮ್ಮ ಮನೆಯಲ್ಲಿ ಎಮ್ಮೆ ಎಂದೇ ಹೆಸರು. ಇವರೊಬ್ಬರು ಮಾತ್ರ ಬಹಳ ದಿನ ಹಾಗೆ ಕರೆಯಲಿಲ್ಲ.

ಗಾಳಿಯ ಮೇಲೆ ಕೂರುವುದು ಹೊಸದಿರಬಹುದು, ಆದರೆ ಕುಲುಕಾಟಕ್ಕೂ ಮೈಗೂ ನಡುವೆ ಏನಾದರೊಂದು ಇಡುವುದು ಹೊಸದೇನಲ್ಲ. ಎತ್ತಿನ ಗಾಡಿಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನ ಹಾಕುತ್ತಿದ್ದರು. ಬಸುರಿ ಹೆಂಗಸು ಹತ್ತುವವಳಿದ್ದರೆ ಇನ್ನೊಂದು ಹೊರೆ ಹುಲ್ಲು. ಮೈಸೂರಿನ ಜಟಕಾಗೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತಿದ್ದವು. ಇವೆಲ್ಲಕ್ಕೂ ಹಳೆಯದು ನಮ್ಮ ಹೆಂಗಸರ ಸಿಂಬೆ. ಹಳೆಯ ಸೀರೆಯ ತುಂಡನ್ನು ಸುರುಳಿ ಸುತ್ತಿ ನೆತ್ತಿಯ ಮೇಲಿಟ್ಟು, ಅದರ ಮೇಲೆ ನೀರಿನ ಕೊಡ ಇಟ್ಟು, ಕಲ್ಲುಮುಳ್ಳಿನ ದಾರಿಯಲ್ಲಿ ತೊಟ್ಟು ನೀರು ಚೆಲ್ಲದೆ ಮನೆಗೆ ಬರುತ್ತಿದ್ದರು. ಕಬ್ಬಿಣದ ಸ್ಪ್ರಿಂಗನ್ನು ಮೊದಲ ಸಲ ಬಿಚ್ಚಿಟ್ಟದ್ದು ನೋಡಿದಾಗ, ಇದು ಯಾರೋ ಸಿಂಬೆಯನ್ನು ಎಳೆದು ಉದ್ದ ಮಾಡಿದ್ದಾರೆ ಎಂದೇ ನನಗೆ ಅನ್ನಿಸಿತ್ತು. ನಾನು ಇದನ್ನು ಹೇಳಿದಾಗ ಇವರು, "ಅಂಗಾದ್ರೆ ನಿಮ್ಮವ್ವಂಗೆ ಎಂಜಿನಿಯರ್ ಸರ್ಟಿಫಿಕೇಟ್ ಕೊಡ್ಸಾಣ," ಎಂದರು. ಕೊಡಿಸಲಿ.

ಈಗ ಅತ್ತೆಯ ಕಾಲಿನ ವಿಷಯ. ಅವರು ಗಿಡ್ಡ, ಮೊಣಕಾಲು ಹಠಮಾರಿ. ಎದ್ದು ನಿಂತ ಎಮ್ಮೆಯ ಸೀಟು ಅವರ ಎದೆಯ ಮಟ್ಟಕ್ಕೆ ಬರುತ್ತದೆ. ಸ್ಟೂಲು ಇಟ್ಟು ನೋಡಿದೆವು. ಅದು ಅಲ್ಲಾಡಿತು, ಅಂದಿನಿಂದ ಸ್ಟೂಲಿಗೂ ಅವರಿಗೂ ಮಾತಿಲ್ಲ. ಒಮ್ಮೆ ಇವರು ತಾಯಿಯನ್ನು ಎತ್ತಿ ಒಳಗೆ ಕೂರಿಸಿಬಿಟ್ಟರು. ಅತ್ತೆ ಮಾರನೆಯ ದಿನ ನನ್ನೆದುರು, "ನಾನೇನು ಗೊಬ್ಬರದ ಮೂಟೇನಾ?" ಎಂದು ಒಂದೇ ಒಂದು ಮಾತು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಗಿದ್ದವರು, ಎಮ್ಮೆ ಕುಸಿದು ಕೂತ ದಿನ ತಾವೇ ಹೋಗಿ ಬಾಗಿಲು ತೆಗೆದು, ಕಟ್ಟೆಯ ಮೇಲೆ ಕೂರುವ ಹಾಗೆ ಸೀಟಿನ ಮೇಲೆ ಕೂತುಬಿಟ್ಟರು. ಇಳಿಯುವುದು ಕಷ್ಟವಲ್ಲ, ಸೀಟಿನ ಅಂಚಿನಿಂದ ಜಾರಿದರೆ ನೆಲ ಸಿಗುತ್ತದೆ. ಹತ್ತಬೇಕಾದರೆ ಮಾತ್ರ ಎಮ್ಮೆ ಮಲಗಿರಬೇಕು.

ಎಮ್ಮೆ ಮಲಗಲು ನಾಲ್ಕು ಗಂಟೆ ಬೇಕಾಗುತ್ತಿತ್ತು. ಎಲ್ಲಿಯೋ ಒಂದು ಸಣ್ಣ ತೂತಿನಿಂದ ಗಾಳಿ ಅಷ್ಟು ನಿಧಾನವಾಗಿ ಸೋರುತ್ತಿತ್ತು; ಎಷ್ಟು ಇಳಿಯಿತೆಂದು ನಾನು ಗೇಣು ಹಾಕಿ ನೋಡುತ್ತಿದ್ದೆ. ಮನೆಯಿಂದ ಹೊರಡಲು ತೊಂದರೆಯಿಲ್ಲ, ಬೆಳಗಾಗುವಷ್ಟರಲ್ಲಿ ಅದು ಮಲಗಿರುತ್ತಿತ್ತು. ತೊಂದರೆ ವಾಪಸು ಬರುವಾಗ. ಅತ್ತೆಯ ತಂಗಿ ಚಿಕ್ಕತಾಯಮ್ಮ, ನಮಗೆಲ್ಲ ಚಿಕ್ಕವ್ವ, ಎಚ್.ಡಿ. ಕೋಟೆಯಲ್ಲಿ ಮಗನ ಮನೆಯಲ್ಲಿದ್ದಾರೆ. ನಾವು ಕಂಪಲಾಪುರದ ಪಕ್ಕದವರು; ಹುಣಸೂರು ದಾಟಿ ಹೋಗಬೇಕು. ಈ ಗಾಡಿ ಬರುವ ಮೊದಲು ನಮ್ಮ ಭೇಟಿ ಹೇಗಿರುತ್ತಿತ್ತು ಎಂದರೆ, ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಇವರು ಚಪ್ಪಲಿ ಹುಡುಕುತ್ತಿದ್ದರು. ಅಕ್ಕತಂಗಿ ಬಾಗಿಲಲ್ಲಿ ನಿಂತು, "ಬತ್ತೀನಿ ಕಣೆ," "ಊಂ ಬಾರಕ್ಕ," ಎನ್ನುವುದಕ್ಕೇ ಅಷ್ಟು ದೂರ ಹೋದಂತಾಗುತ್ತಿತ್ತು. ಎಮ್ಮೆ ಬಂದ ಮೇಲೆ ಇವರ ಅವಸರ ನಡೆಯಲಿಲ್ಲ. ಅದು ಮಲಗುವ ತನಕ ಕೂರಲೇಬೇಕು.

ಹೀಗೆ ಕೂತು ಕೂತು ನನಗೊಂದು ವಿಷಯ ತಿಳಿಯಿತು. ವಯಸ್ಸಾದ ಇಬ್ಬರು ಹೆಂಗಸರು ಸೇರಿದಾಗ ಮೊದಲ ಗಂಟೆ ಯಾರು ಸತ್ತರು, ಯಾರಿಗೆ ಮದುವೆ ಎನ್ನುವುದರಲ್ಲಿ ಹೋಗುತ್ತದೆ. ಎರಡನೆಯ ಗಂಟೆ ಮೊಣಕಾಲು, ಮಾತ್ರೆ. ಆಮೇಲೆ ಊಟ. ಆಮೇಲೆ ಎಲೆಅಡಿಕೆ ಹಾಕಿಕೊಂಡು, ಬೆಟ್ಟದಪುರದಲ್ಲಿ ತಾವು ಹುಡುಗಿಯರಾಗಿದ್ದಾಗ ಅಟ್ಟದ ಮೇಲಿನ ಬೆಲ್ಲ ಕದ್ದದ್ದು ಯಾರು ಎಂಬ ಜಗಳ. ಇದು ಇನ್ನೂ ತೀರ್ಮಾನವಾಗಿಲ್ಲ. ಮನಸ್ಸಿನೊಳಗಿನ ನಿಜವಾದ ಮಾತು ಬರುವುದು ಅದಾದ ಮೇಲೆ, ನಾಲ್ಕನೆಯ ಗಂಟೆಯಲ್ಲಿ, ಅದೂ ದನಿ ತಗ್ಗಿಸಿ.

ಇವರಿಗೆ ಮಾತ್ರ ಕಾದು ಕಾದು ಸಾಕಾಗಿತ್ತು. "ಸ್ಪ್ರಿಂಗ್ ಆಕಿಸ್ಬುಡ್ತೀನಿ, ಈ ಗಾಳಿ ಸಾವಾಸವೇ ಬ್ಯಾಡ," ಎಂದು ಕಳೆದ ವಾರ ಗಾಡಿಯನ್ನು ಹುಣಸೂರಿಗೆ ಹೊಡೆದರು. ನಾನೂ ಜೊತೆಗೆ ಹೋದೆ. ಸ್ಪ್ರಿಂಗು ಹಾಕಿಸಿದರೆ ಎಮ್ಮೆ ಇನ್ನು ಯಾವತ್ತೂ ಮಲಗುವುದಿಲ್ಲ, ಅತ್ತೆ ಇನ್ನು ಯಾವತ್ತೂ ಹತ್ತುವುದಿಲ್ಲ ಎಂಬುದೇ ದಾರಿಯುದ್ದಕ್ಕೂ ನನ್ನ ಯೋಚನೆ. ಮೆಕ್ಯಾನಿಕ್ ಮಾದೇವಣ್ಣ ಬಲೂನುಗಳಿಗೆ ಸೋಪಿನ ನೀರು ಬಳಿದ. ಮುಂದಿನ ಎಡಗಡೆಯದರಲ್ಲಿ ನೊರೆ ಪುಟಪುಟ ಎದ್ದಿತು. ಒಂದು ಸೋರಿದರೆ ಉಳಿದ ಮೂರೂ ಅದರ ಮಟ್ಟಕ್ಕೆ ತಗ್ಗುತ್ತವಂತೆ. "ಸ್ಪ್ರಿಂಗೋ ಬಲೂನೋ, ಏಳಿ ಅಣ್ಣ," ಎಂದ. ಇವರು ಅವನೊಂದಿಗೆ ಗಾಡಿಯೊಳಗೆ ತಲೆ ಹಾಕಿ ಏನೋ ನೋಡಿ ಬಂದು, "ಬಲೂನೇ ಆಕು," ಎಂದರು. ತೇಲುವ ಸುಖ ಬಿಡಲಾರರು ಎಂದುಕೊಂಡೆ.

ಹೊಸ ಬಲೂನು ಸೋರುವುದಿಲ್ಲ. ಸೋರದಿದ್ದರೆ ಮಲಗುವುದಿಲ್ಲ. ಇವರು ಟೀ ಕುಡಿಯಲು ಹೋದಾಗ ನಾನು ಮಾದೇವಣ್ಣನಿಗೆ ಅತ್ತೆಯ ಕಷ್ಟ ಹೇಳಿಕೊಂಡೆ. ಅವನು ನಕ್ಕು, "ಅಯ್ಯೋ ಅಕ್ಕ, ಅದುಕ್ಕೇಂತ್ಲೇ ಗುಂಡಿ ಐತಲ್ಲ!" ಎಂದ. ಗೇರಿನ ಪಕ್ಕ, ಗಾಡಿ ಪೂಜೆಯ ದಿನ ನಾವೇ ಭಕ್ತಿಯಿಂದ ಅಂಟಿಸಿದ್ದ ದೇವರ ಸ್ಟಿಕರಿನ ಅಂಚನ್ನು ಉಗುರಿನಿಂದ ಎತ್ತಿದ. ಕೆಳಗೊಂದು ಚಿಕ್ಕ ಗುಂಡಿ. ಒತ್ತಿದ, ಗಾಡಿ ಉಸ್ಸೆಂದು ಮಂಡಿಯೂರಿತು. ನಾಲ್ಕು ಗಂಟೆಯ ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು. "ಇವ್ರಿಗೆ ಏಳ್ಬ್ಯಾಡಣ್ಣ," ಎಂದೆ. ಅವನು ಮತ್ತೆ ನಕ್ಕು ತಲೆಯಾಡಿಸಿದ. ನಾನೂ ಹೇಳಲಿಲ್ಲ. ಹೇಳಿದರೆ ಮತ್ತೆ ಕಾಫಿ ಲೋಟ, ಚಪ್ಪಲಿ, ಬತ್ತೀನಿ ಕಣೆ.

ಇವತ್ತು ಬೆಳಿಗ್ಗೆ ನಾನು ಮಾಡಿದ ಕಳ್ಳ ಕೆಲಸ ಇದೇ. ಎಲ್ಲರೂ ಏಳುವ ಮೊದಲು ಸ್ಟಿಕರ್ ಎತ್ತಿ ಗುಂಡಿ ಒತ್ತಿ ಎಮ್ಮೆಯನ್ನು ಮಲಗಿಸಿದೆ. ಇವರು ಬಂದು ನೋಡಿ, "ಇದೇನೇ, ಒಸ ಬಲೂನಾದ್ರೂ ಮಲಗ್ಯದೆ?" ಎಂದರು. "ಒಸದಲ್ವೇನ್ರೀ, ಒಂದಷ್ಟು ದಿನ ಇಂಗೇ ಇರ್ತದಂತೆ," ಎಂದು ಸೊಪ್ಪು ಸೋಸುತ್ತ ಹೇಳಿದೆ. "ಓಹೋ, ಅಂಗಾ?" ಎಂದರು. ಅತ್ತೆ ತಾವೇ ಹತ್ತಿ ಕೂತರು.

ಕೋಟೆಯಲ್ಲಿ ಊಟವಾಯಿತು. ಬೆಲ್ಲದ ಜಗಳವೂ ಆಯಿತು. ಅಷ್ಟರಲ್ಲಿ ಇವರಿಗೆ ಫೋನು ಬಂತು, ಸಂಜೆಯೊಳಗೆ ಯಾರೋ ಹೊಗೆಸೊಪ್ಪು ನೋಡಲು ಬರುತ್ತಾರಂತೆ. "ಎಮ್ಮೆ ಮಲಗ್ತಾ ನೋಡು, ಒಲ್ಡಾಣ," ಎಂದರು. ನಾನು ಹೊರಗೆ ಹೋಗಿ, ಗಾಡಿಯಲ್ಲೇ ಬಿಟ್ಟಿದ್ದ ಕೀಲಿ ತಿರುಗಿಸಿ, ಗುಂಡಿಯ ಮೇಲೆ ಬೆರಳಿಟ್ಟೆ. ಗಾಡಿ ನಿಂತದ್ದು ಚಿಕ್ಕವ್ವನ ಕೋಣೆಯ ಕಿಟಕಿಯ ಪಕ್ಕ. ಒಳಗಿನಿಂದ ತಗ್ಗಿದ ದನಿ ಕೇಳಿಸಿತು.

"ಬರೋ ಬುಧವಾರ ಕಣ್ಣು ಕುಯ್ತಾರಂತೆ ಅಕ್ಕ. ಮಕ್ಳು ಮುಂದೆ ಏನಿಲ್ಲ ಬುಡ್ರೋ ಅಂತೀನಿ. ನಂಗೆ ಪ್ರಾಣ ಹೋದಂಗಾಯ್ತದೆ ಕಣಕ್ಕ."

ನಾನು ಬೆರಳು ತೆಗೆದೆ. ಒಳಗೆ ಬಂದು ಇವರ ಮುಖ ನೋಡದೆ, "ಇಲ್ಲ ಕಣ್ರೀ, ಇನ್ನೂ ನಿಂತೇ ಅದೆ," ಎಂದೆ. ಮದುವೆಯಾದಾಗಿನಿಂದ ಇವರಿಗೆ ಸೀರೆಯ ಬೆಲೆ ಬಿಟ್ಟು ಬೇರೆ ಯಾವುದರಲ್ಲೂ ಸುಳ್ಳು ಹೇಳಿದವಳಲ್ಲ. ಇವರು ಗೊಣಗುತ್ತಾರೆಂದು ಕಾದೆ. ಗೊಣಗಲಿಲ್ಲ. "ಅಂಗಾರೆ ಬುಡು, ಅವ್ರಿಗೆ ನಾಳೆ ಬರೋಕೇಳ್ತೀನಿ," ಎಂದು ಫೋನು ಮಾಡಿ, ಚಾಪೆಯ ಮೇಲೆ ಉರುಳಿ ಟವಲಿನಿಂದ ಮುಖ ಮುಚ್ಚಿಕೊಂಡರು.

ಒಂದೂವರೆ ಗಂಟೆ ಬಿಟ್ಟು ಅಕ್ಕತಂಗಿ ಹೊರಗೆ ಬಂದರು. ಚಿಕ್ಕವ್ವನ ಮುಖ ತೊಳೆದ ಹಾಗಿತ್ತು. ಅತ್ತೆ ತಂಗಿಯ ಕೆನ್ನೆ ಹಿಂಡಿ, "ಬುಧವಾರ ಬತ್ತೀನಿ ಕಣೆ, ಎಮ್ಮೆ ಅತ್ಕಂಡು. ಆಸ್ಪತ್ರೆ ಬಾಗ್ಲಲ್ಲೇ ಕುಂತಿರ್ತೀನಿ. ಕಣ್ಣು ಬಿಟ್ಟೇಟ್ಗೆ ಮೊದ್ಲು ನನ್ ಮುಖ ನೋಡು, ಬೆಲ್ಲ ಕದ್ದೋಳು ಯಾರು ಅಂತ ಆಗ ಗೊತ್ತಾಯ್ತದೆ," ಎಂದರು. ಚಿಕ್ಕವ್ವ ನಕ್ಕುಬಿಟ್ಟರು. ನಾನು ಚೀಲ ಇಡುವ ನೆಪದಲ್ಲಿ ಮುಂದಾಗಿ ಹೋಗಿ ಗುಂಡಿ ಒತ್ತಿದೆ.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅತ್ತೆ ಎಂದಿನಂತೆ ಜಾರಲು ಸಿದ್ಧರಾಗಿ ಸೀಟಿನ ಅಂಚಿಗೆ ಬಂದರು. "ತಡಿಯವ್ವ," ಎಂದ ಇವರು, ರಸ್ತೆ ಕಡೆಯೇ ನೋಡುತ್ತ, ಎಡಗೈ ಚಾಚಿ ದೇವರ ಸ್ಟಿಕರಿನ ಅಂಚನ್ನು ಉಗುರಿನಿಂದ ಎತ್ತಿ ಗುಂಡಿ ಒತ್ತಿದರು. ಹುಡುಕಲಿಲ್ಲ, ತಡಕಾಡಲಿಲ್ಲ. ಬೆರಳಿಗೆ ಜಾಗ ಗೊತ್ತಿತ್ತು. ಎಮ್ಮೆ ಉಸ್ಸೆಂದಿತು. ಅತ್ತೆ ಎದ್ದು ನಡೆದು ಒಳಗೆ ಹೋದರು.

ನಾನು ಇವರ ಮುಖ ನೋಡಿದೆ. "ಯಾವತ್ತಿಂದ?" ಎಂದೆ.

"ಟೀ ಕುಡ್ಯಕ್ಕೆ ಓಗೋಕ್ಮುಂಚೆನೇ ಮಾದೇವಣ್ಣ ತೋರ್ಸಿದ್ದ. ಇಲ್ದಿದ್ರೆ ಸ್ಪ್ರಿಂಗ್ ಆಕಿಸ್ತಿರ್ಲಿಲ್ವಾ?"

"ಮತ್ತೆ ಮಧ್ಯಾಹ್ನ ನನ್ ಕೈಲಿ ಯಾಕ್ ನೋಡ್ಸುದ್ರಿ?"

"ಒಳಗ್ಲ ಮಾತು ಮುಗೀತೋ ಇಲ್ವೋ ನಂಗೇನ್ಗೊತ್ತು? ಕಿಟ್ಕಿ ಪಕ್ಕ ನಿಂತೋಳು ನೀನು," ಎಂದು ಕೀಲಿಯನ್ನು ನನ್ನ ಕೈಗೆ ಹಾಕಿದರು. ಎರಡು ಹೆಜ್ಜೆ ಹೋಗಿ ತಿರುಗಿ, "ಒಸದು ಒಂದಷ್ಟು ದಿನ ಇಂಗೇ ಇರ್ತದಂತೆ!" ಎಂದು ನನ್ನದೇ ದನಿಯಲ್ಲಿ ಅಣಕಿಸಿದರು.

ಮನೆಯೊಳಗೂ ಹೀಗೆ ಒಬ್ಬರಿಗೊಬ್ಬರು ತಗುಲಿ ಸದ್ದಾಗದಂತೆ ನಡುವೆ ಎಲ್ಲೋ ಒಂದು ಬಲೂನು ಇರುತ್ತದೆ. ಅದನ್ನು ಯಾರು ಊದಿಟ್ಟರು ಎಂದು ಕೆಳಗೆ ಬಗ್ಗಿ ನೋಡುವ ಅಭ್ಯಾಸ ನನಗಿರಲಿಲ್ಲ ಅಷ್ಟೆ. ಬರೀ ಚಕ್ರಕ್ಕೆ ಗೇಣು ಹಾಕುತ್ತಿದ್ದೆ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು, ಚಿಕ್ಕವ್ವ ಕಟ್ಟಿಕೊಟ್ಟ ನಿಂಬೆಕಾಯಿ ಉಪ್ಪಿನಕಾಯಿ. ಅತ್ತೆ ಒಂದೂವರೆ ಮುದ್ದೆ ಉಂಡರು, ಇವರು ಎರಡು, ನಾನು ಒಂದು. ಬುಧವಾರಕ್ಕೆ ಆಸ್ಪತ್ರೆಗೆ ಏನು ಕಟ್ಟಿಕೊಂಡು ಹೋಗುವುದು ಎಂದು ಮಾತಾಡುತ್ತಲೇ ಅತ್ತೆ ಮಲಗಿದರು, ಆಮೇಲೆ ಇವರು, ಇದನ್ನು ಬರೆದಿಟ್ಟು ಈಗ ನಾನು. ಎಲ್ಲರಿಗಿಂತ ಮೊದಲು ಮಲಗಿದ್ದು ಎಮ್ಮೆ.