ಕಾಗೆಯ ಬಾಯಿಂದ ಎದ್ದ ಖಾಲಿ ಗುಳ್ಳೆಗಳು

ಮೂರು ತಿಂಗಳಿಂದ ನಾನು ಒಂದು ಕಾಗೆಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ನಾಲ್ಕು ಪುಸ್ತಕ ಬರೆದವನು, ಅದರಲ್ಲಿ ಎರಡನ್ನು ಕೊನೆಯ ಪುಟದಿಂದ ಓದತಕ್ಕದ್ದು ಎಂದು ಮುನ್ನುಡಿಯಲ್ಲಿ ಅಪ್ಪಣೆ ಕೊಟ್ಟವನು, ಒಪ್ಪಿಕೊಳ್ಳಬಾರದ ಮಾತಿದು. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ? ಆ ಕಾಗೆಗೆ ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಮರಿ, ಬೆನ್ನ ಹಿಂದೆ ಹೊಗೆ. ಜೆರಾಕ್ಸ್ ಕಾಗದದ ಕಾಗೆ. ಗಡಿಯಂಚಿನ ನಮ್ಮ ತಾಳವಾಡಿ ಸೀಮೆಯಲ್ಲಿ ಈಗ ಅದನ್ನು ನೋಡದವರಿಲ್ಲ. ನನ್ನ ಪುಸ್ತಕಗಳನ್ನು ನೋಡಿದವರಿಲ್ಲ.

ಅದನ್ನು ಬರೆದವಳು ಜೀರಹಳ್ಳಿಯ ಮಾದೇವಿ. ಬೋರ್ಡು ಬರೆಯುವುದು ಅವಳ ಕಸುಬು. ಅವಳ ತಾಯಿ ನಮ್ಮ ಹೊಲದಲ್ಲಿ ಕೂಲಿ ಮಾಡಿದವಳು. ತಾಯಿ ನನ್ನನ್ನು 'ಬುದ್ದಿ' ಅನ್ನುತ್ತಾಳೆ, ಮಗಳು 'ಅಣ್ಣ' ಅನ್ನುತ್ತಾಳೆ. ಕಸುಬಿನಲ್ಲಿ ಮಾದೇವಿಯದೊಂದು ಪದ್ಧತಿ: ಚಿತ್ರ ಮೊದಲು, ಅಕ್ಷರ ಆಮೇಲೆ. ಅಕ್ಷರವನ್ನು ಬರೆಸುವವರೇ ಚೀಟಿಯಲ್ಲಿ ತಂದುಕೊಡಬೇಕು, ತಮಿಳೋ ಕನ್ನಡವೋ ಅವರಿಷ್ಟ. ಅಲ್ಲಿಯವರೆಗೆ ಜಾಗ ಬಿಟ್ಟಿರುತ್ತಾಳೆ. ತಾಳಮಲೆ ದಾರಿಯ ಟೀ ಅಂಗಡಿಯೊಂದರ ಬೋರ್ಡಿನಲ್ಲಿ ವರ್ಷವೆಲ್ಲ ಆವಿ ಏಳುವ ಲೋಟವೊಂದೇ ಇತ್ತು. ಹೆಸರೇನಿಡುವುದೆಂದು ಅಣ್ಣತಮ್ಮಂದಿರಲ್ಲಿ ಒಮ್ಮತವಾಗಿರಲಿಲ್ಲ.

ಕಥೆ ನಿಮಗೆ ಗೊತ್ತಿರುವುದೇ. ಕಾಗೆಗೆ ಸಗಣಿಯ ಮನೆ, ಗುಬ್ಬಿಗೆ ಕಲ್ಲಿನ ಮನೆ. ಮಳೆಗೆ ಕಾಗೆಯ ಮನೆ ಕರಗುತ್ತದೆ. ಅದು ಗುಬ್ಬಿಯ ಬಾಗಿಲು ತಟ್ಟುತ್ತದೆ. ಗುಬ್ಬಿ ಒಳಗಿನಿಂದಲೇ ಒಂದೊಂದು ನೆಪ ಹೇಳುತ್ತ ಹೋಗುತ್ತದೆ. ತಿಥಿಯ ದಿನ ಎಡೆಯಿಟ್ಟು ಕೈಮುಗಿದು ಕಾಗೆಯನ್ನು ಕರೆಯುವ ಜನವೇ ಮಕ್ಕಳಿಗೆ ಈ ಕಥೆ ಹೇಳುವುದು. ಸತ್ತವರ ಪರವಾಗಿ ಬಂದರೆ ಮರ್ಯಾದೆ, ತನ್ನ ಕಷ್ಟಕ್ಕೆ ಬಂದರೆ ಅಗುಳಿ. ಇರಲಿ. ಮಾದೇವಿ ಮಾಡಿದ್ದಿಷ್ಟೇ: ಮಳೆ ತೆಗೆದು ಯುದ್ಧ ಇಟ್ಟಳು. ಮೋಡದ ಜಾಗಕ್ಕೆ ವಿಮಾನ ಬಂತು. ಐದು ಕಂತಿನ ಚಿತ್ರಕಥೆ, ಕಂತಿಗೆ ಎಂಟು ಪುಟ.

'ಇಷ್ಟೇ' ಎಂದು ಬರೆಯುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಆ ಉಪಾಯ ನನ್ನದು. ದಿಂಬಂ ಘಟ್ಟದಲ್ಲಿ, ಬಸ್ಸು ತಿರುವುಗಳನ್ನೆಲ್ಲ ಹತ್ತಿ ಬಂದು ನಿಂತಾಗ, ಟೀ ಲೋಟ ಹಿಡಿದು ನಾನೇ ಹೇಳಿದ್ದೆ: "ಮಾದೇವಿ, ಆ ಕಥೆಯ ಮಳೆ ಮಳೆಯಲ್ಲ, ಯುದ್ಧ." ಅವಳು ಬೆರಗಾಗಿ ನೋಡಿದಳು. ಆಗ ಮಂಜು ಬಂದು ಕಣಿವೆಯನ್ನು ಮುಚ್ಚಿತು. ಇದನ್ನು ಅವಳಿಗೆ ನೆನಪಿಸಿದರೆ, "ದಿಂಬದಲ್ಲಾ? ಅವತ್ತು ನೀವು ವಾಂತಿ ಮಾಡ್ಕಂಡು ಕೂತಿದ್ರಿ ಕಣಣ್ಣ. ಮಾತೆಲ್ಲಿ ಆಡುದ್ರಿ?" ಎಂದಳು.

ನೆನಪನ್ನು ನಂಬಬೇಡಿ, ಅದು ಅಚ್ಚುಕಟ್ಟಾದಷ್ಟೂ ಸುಳ್ಳು, ಎಂದು ಬರೆದುಕೊಂಡೇ ಬಂದವನು ನಾನು. ಹೇಳಿ ಕಳಿಸಿದ ಹಾಗೆ ಮಂಜು ಬಂದು ಕವಿಯುವ ನೆನಪನ್ನು ಬೇರೆ ಯಾರಾದರೂ ಬರೆದಿದ್ದರೆ ಕೆಂಪು ಗೀಟು ಎಳೆಯುತ್ತಿದ್ದೆ. ಇದೊಂದನ್ನು ಮಾತ್ರ ಬಿಡಲಾರದೆ, ಸಾಕ್ಷಿ ಹೇಳು ಬಾ ಎಂದು ಜೊತೆಯಲ್ಲೇ ಕರೆದುಕೊಂಡು ತಿರುಗುತ್ತಿದ್ದೇನೆ.

ಮೊದಲ ಕಂತು ಬರೆದು ಮುಗಿಸಿದವಳೇ ಮಾದೇವಿ ಅದನ್ನು ತಂದು ನಮ್ಮ ಜಗಲಿಯ ಮೇಲೆ ಹರಡಿದಳು. ಹಕ್ಕಿಗಳ ಬಾಯಿಂದ ಎದ್ದ ಮಾತಿನ ಗುಳ್ಳೆಗಳೆಲ್ಲ ಖಾಲಿ.

"ಮಾತ ನೀವು ಬರ್ಕೊಡಿ ಅಣ್ಣ. ನಂಗ ಚಿತ್ರ ಬತ್ತದೆ, ಮಾತು ಬರಲ್ಲ."

ಮುಖಪುಟದಲ್ಲಿ ಅವಳ ಹೆಸರಿನ ಪಕ್ಕ ನನ್ನ ಹೆಸರಿಗೂ ಜಾಗ ಬಿಟ್ಟಿದ್ದಳು. ಚಿತ್ರಗಳು ಚೆನ್ನಾಗಿದ್ದವು. ಎಷ್ಟು ಚೆನ್ನಾಗಿದ್ದವೆಂದರೆ ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಇದೇ ಕಥೆಯನ್ನು ಗುಬ್ಬಿಯ ಮನೆಯ ಬಾಗಿಲೇ ಹೇಳುವಂತೆ, ಒಂದೂ ಪೂರ್ಣವಿರಾಮವಿಲ್ಲದೆ ಬರೆಯಲು ಹೊರಟು ನಾನು ಎಷ್ಟೋ ವರ್ಷಗಳಿಂದ ಮೊದಲ ವಾಕ್ಯದಲ್ಲೇ ಇದ್ದೇನೆ.

ಮುಂದಿನ ವಾರ ಅವಳು ಬಂದಾಗ, "ಇರು, ಒಂದು ಪದ ಸಿಗುತ್ತಿಲ್ಲ" ಎಂದೆ. ಅದರ ಮುಂದಿನ ವಾರ, "ಸ್ನಾನಕ್ಕೆ ಹೊರಟಿದ್ದೇನೆ." ಆಮೇಲೊಮ್ಮೆ ತಲೆನೋವು, ಅದನ್ನು ಒಳಗಿನಿಂದಲೇ ಕೂಗಿ ಹೇಳಿದೆ. ನಿಜವೆಂದರೆ ಒಂದಕ್ಷರವನ್ನೂ ಬರೆದಿರಲಿಲ್ಲ. ನಾನು ಮಾತು ಕೊಡದಿದ್ದರೆ ಕಾಗೆ ಮೂಕವಾಗಿ ಅಲ್ಲೇ ಬಿದ್ದಿರುತ್ತದೆ, ಬಿದ್ದಿರಲಿ ಎಂದುಕೊಂಡಿದ್ದೆ.

ಮಾದೇವಿ ಕಾದಷ್ಟು ಕಾದು, ಗುಳ್ಳೆಗಳನ್ನು ಖಾಲಿ ಬಿಟ್ಟೇ ಜೆರಾಕ್ಸ್ ಮಾಡಿಸಿ, ಹೊಲಿದು, ಊರೂರಿನ ಟೀ ಅಂಗಡಿಗಳಲ್ಲಿ ದಾರ ಕಟ್ಟಿ ತೂಗುಹಾಕಿದಳು. ಪಕ್ಕದಲ್ಲೊಂದು ಪೆನ್ಸಿಲ್ಲು. ಮುಂದಿನ ಕಂತುಗಳೂ ಹಾಗೆಯೇ ಬಂದವು. ಮನೆಯಲ್ಲಿ ಕನ್ನಡ, ಸ್ಕೂಲಿನಲ್ಲಿ ತಮಿಳು ನಮ್ಮ ಜನಕ್ಕೆ. ಅಜ್ಜಿ ಕನ್ನಡದಲ್ಲಿ ಕಾಗೆಯ ಮಾತು ಹೇಳುತ್ತಾಳೆ, ಮೊಮ್ಮಗಳು ಅದನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಾಳೆ. ನಾಳೆ ಇನ್ನೊಬ್ಬರು ಬಂದು ಉಜ್ಜಿ, ಬೇರೆ ಬರೆಯುತ್ತಾರೆ. ಓದುಗನೇ ಕೃತಿಯನ್ನು ಬರೆಯಬೇಕು ಎಂದು ನಾನು ಮೈಸೂರಿನ ಒಂದು ಸಭೆಯಲ್ಲಿ ಭಾಷಣ ಮಾಡಿದ್ದೆ. ಕೇಳಿದ ಹನ್ನೊಂದು ಜನರಲ್ಲಿ ಒಬ್ಬರೂ ಬರೆಯಲಿಲ್ಲ. ಇವಳು ಯಾವ ಭಾಷಣವೂ ಇಲ್ಲದೆ, ಚೀಟಿ ಬರಲಿಲ್ಲವೆಂದು ಜಾಗ ಬಿಟ್ಟು, ಅದನ್ನು ಮಾಡಿ ಮುಗಿಸಿದ್ದಳು. ನನ್ನ ಹೊಟ್ಟೆಕಿಚ್ಚು ಅವಳಿಗೆ ಇಷ್ಟು ದೊಡ್ಡ ಉಪಕಾರ ಮಾಡುತ್ತದೆಂದು ಗೊತ್ತಿದ್ದರೆ ಆ ದಿನವೇ ಕೂತು ಬರೆದುಕೊಡುತ್ತಿದ್ದೆ.

ನಾಲ್ಕನೆಯ ಕಂತು ಬಂದಾಗ ನಾನು ಜೀರಹಳ್ಳಿಯ ಟೀ ಅಂಗಡಿಯಲ್ಲಿದ್ದೆ. ಬಾಗಿಲು ತಟ್ಟುವ ಕಂತು. ಗುಬ್ಬಿಯ ಮನೆಗೊಂದು ಜಗಲಿ ಇತ್ತು, ನಮ್ಮ ಮನೆಯ ಜಗಲಿಯಂಥದೇ. ಅಂಗಡಿಯ ಸಿದ್ದಪ್ಪ ಗಟ್ಟಿಯಾಗಿ ಓದಿದ: "ಇರವ್ವ, ಒಂದು ಪದ ಸಿಕ್ತಾ ಇಲ್ಲ. ಇರವ್ವ, ತಾನಕ್ಕೆ ಒಂಟಿವ್ನಿ. ಇರವ್ವ, ತಲೆ ನೋಯ್ತಾ ಅದೆ."

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. "ಯಾರ್ಲಾ ಬರ್ಸುದ್ದು ಇದ?" ಎಂದು ಒಬ್ಬ ಕೇಳಿದ.

"ಮಾದೇವಿಯ ಎತ್ತವ್ವ. ಈ ಗುಬ್ಬಿ ಬೋ ಓದ್ಕಂಡಿರೋ ಗುಬ್ಬಿ ಕಣ್ಲಾ," ಎಂದ ಸಿದ್ದಪ್ಪ, ನನ್ನ ಕಡೆ ನೋಡದೆ.

ಪೆನ್ಸಿಲಿನ ತುದಿಯಲ್ಲಿ ರಬ್ಬರಿತ್ತು. ಉಜ್ಜುವ ಹಕ್ಕು ಎಲ್ಲರ ಹಾಗೆ ನನಗೂ ಇತ್ತು. ಆದರೆ ಉಜ್ಜಿದ ಮೇಲೆ ಅದಕ್ಕಿಂತ ಒಳ್ಳೆಯ ಮಾತು ಬರೆಯಬೇಕಲ್ಲ. ಟೀ ಆರುವ ತನಕ ಯೋಚಿಸಿದೆ. ಸಿಗಲಿಲ್ಲ.

ಎದ್ದು ಮಾದೇವಿಯ ಮನೆಗೆ ಹೋದೆ. ನಮ್ಮ ಹೊಲಕ್ಕೆ ದುಡಿದವರ ಆ ಮನೆಗೆ ನಾನು ಅದೇ ಮೊದಲು ಹೋಗಿದ್ದು. ಹೊಸಿಲಲ್ಲಿ ಕೂತಿದ್ದ ಅವಳ ತಾಯಿ, "ಬನ್ನಿ ಬುದ್ದಿ," ಎಂದು ಸರಿದು ದಾರಿ ಬಿಟ್ಟಳು. ಮಾದೇವಿ ಕೊನೆಯ ಕಂತು ಬರೆಯುತ್ತಿದ್ದಳು.

"ಕೊನೆಗೆ ಗುಬ್ಬಿ ಬಾಗಿಲು ತೆಗೆಯುತ್ತದೆಯೇ?"

"ಗೊತ್ತಿಲ್ಲಣ್ಣ. ಅದೊಂದು ಪುಟ ಉಳ್ಕಂಡದೆ."

"ಮಾತು ಬರೆದುಕೊಡಲೇ?"

"ಈಗ ಬ್ಯಾಡ ಬುಡಿ. ಜನ ಒಪ್ಪಲ್ಲ." ಪೆನ್ನೂ ಸ್ಕೇಲೂ ನನ್ನ ಕೈಗಿಟ್ಟಳು. "ಚಿತ್ರ ಬರ್ಯಕ್ಕ ಚೌಕ ಎಳೀರಿ. ನಂಗ ಅದೇ ಬ್ಯಾಸರ."

ಎರಡು ಚೌಕ ಎಳೆದ ಮೇಲೆ ಹೇಳಿದೆ. "ನನಗೆ ಹೊಟ್ಟೆಕಿಚ್ಚು ಬಂದಿತ್ತು, ಮಾದೇವಿ."

"ಗೊತ್ತು ಕಣಣ್ಣ. ಸ್ಕೇಲ ಒತ್ತಿ ಇಡ್ಕಳಿ, ಜಾರ್ತದೆ."

ಜಾರಿತು. ಕೊನೆಯ ಪುಟದ ಚೌಕ ಒಂದು ಕಡೆ ಸೊಟ್ಟಗಾಯಿತು. ಬೇರೆ ಕಾಗದ ತೆಗೆದುಕೋ ಎಂದರೂ ಕೇಳದೆ ಅದರೊಳಗೇ ಮಾದೇವಿ ಗುಬ್ಬಿಯ ಬಾಗಿಲು ಬರೆದಳು. ಬೆರಳಗಲ ತೆರೆದ ಬಾಗಿಲು.

ಹೋದ ವಾರ ಆ ಕಂತು ಅಂಗಡಿಗೆ ಬಂತು. ಬೆಂಚಿನಲ್ಲಿ ನನ್ನ ಪಕ್ಕ ಕೂತವನು ಬೆರಳಿಟ್ಟು, "ಈ ಚೌಕ ಯಾಕ್ಲಾ ಸೊಟ್ಟಗದೆ?" ಎಂದು ಕೇಳಿದ.

"ಬಾಂಬು ಬಿದ್ದದೆ ಕಣ್ಲಾ, ಗೋಡೆ ನೆಟ್ಟಗಿದ್ದದಾ?" ಎಂದ ಸಿದ್ದಪ್ಪ. "ಇಡೀ ಪುಸ್ತಕದಲ್ಲಿ ಇದೇ ಚೆಂದ ನೋಡು. ಮಾದೇವಿ ಬೋ ಗಟ್ಟಿಗಿತ್ತಿ."

ಆ ಗೆರೆ ನನ್ನದು ಎಂದು ನಾನು ಹೇಳಲಿಲ್ಲ. ಹೇಳದೆ ಇರಲು ಪಟ್ಟ ಕಷ್ಟವನ್ನು ನಾನು ಯಾವ ಪುಸ್ತಕ ಬರೆಯುವಾಗಲೂ ಪಟ್ಟಿರಲಿಲ್ಲ. ಒಂದು ವಾರ ತಡೆದುಕೊಂಡೆ. ಅದಕ್ಕಿಂತ ಹೆಚ್ಚು ಆಗದೆ, ನಿಮ್ಮೊಬ್ಬರಿಗೆ ಹೇಳುತ್ತಿದ್ದೇನೆ.